ಮಿಲ್ಲಿನ ಬೂದಿ ಸ್ಲ್ಯಾಬಿಗೆ ಆಗುತ್ತಾ?

ಪ್ರಶ್ನೆ: ಹಾನಗಲ್ ತಾಲ್ಲೂಕಿನ ಹಳ್ಳಿಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ರೈಸ್ ಮಿಲ್ಲಿನಲ್ಲಿ ಭತ್ತದ ಹೊಟ್ಟು ಸುಟ್ಟ ಬೂದಿ ಪುಕ್ಕಟೆ ಸಿಗುತ್ತದೆ. ಸಿಮೆಂಟ್ ಕಡಿಮೆ ಮಾಡಿ ಅದನ್ನು ಕಾಲಂ, ಸ್ಲ್ಯಾಬಿಗೆ ಹಾಕಬಹುದಾ? ಉಸುಕು ತುಟ್ಟಿ, ಅದರಲ್ಲಿ ಅರ್ಧದಷ್ಟಕ್ಕೆ ಹೊಲದ ಮಣ್ಣು ಬೆರೆಸೋಣ ಅಂತಾರೆ ನಮ್ಮ ಗೌಂಡಿ.

ಉತ್ತರ: ಗೌಂಡಿಯವರ ಮಾತು ಮೊದಲು ಮುಗಿಸೋಣ. ಮಣ್ಣು ಬೇಡವೇ ಬೇಡ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮಸಾರಿ (ಕೆಂಪು ಮಣ್ಣು) ಅಷ್ಟು ಉಬ್ಬದು, ಆದರೆ ಅದರ ಜಿಗಟು ಖಡಿಗೆ (ಜಲ್ಲಿಗೆ) ಮೆತ್ತಿಕೊಂಡು ಸಿಮೆಂಟನ್ನು ಹತ್ತಿರ ಬಿಡುವುದಿಲ್ಲ. ಹೊಳೆ ಉಸುಕಿನಲ್ಲೇ 75 ಮೈಕ್ರಾನ್‌ಗಿಂತ (0.075 ಮಿಮೀ) ಸಣ್ಣ ಪುಡಿ ನೂರಕ್ಕೆ 3 ಮೀರಬಾರದು ಅನ್ನುತ್ತದೆ ನಿಯಮ. ಇವರು ಅರ್ಧಕ್ಕರ್ಧ ಮಣ್ಣು ಅಂತಾರೆ!

ಬೂದಿಯ ಕಥೆ ಬೇರೆ. ನಿಮ್ಮ ಯೋಚನೆ ತಪ್ಪಲ್ಲ. ಚೆನ್ನಾಗಿ ಸುಟ್ಟ ಹೊಟ್ಟಿನ ಬೂದಿಯಲ್ಲಿ ನೂರಕ್ಕೆ 85-90ರಷ್ಟು ಸಿಲಿಕಾ ಇರುತ್ತದೆ. ಸಿಮೆಂಟ್ ಗಟ್ಟಿಯಾಗುವಾಗ ಹುಟ್ಟುವ ಸುಣ್ಣದ ಜೊತೆ ಅದು ಕೂಡಿ ಮತ್ತಷ್ಟು ಅಂಟಾಗುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456:2000 ಕೂಡ ಇದನ್ನು ಒಪ್ಪಿದೆ. ಆದರೆ ಬೂದಿಯ ಗುಣ ಒಂದೇ ಸಮ ಇರಬೇಕು.

ತೊಂದರೆ ಇರುವುದು ಬೆಂಕಿಯಲ್ಲಿ. 500ರಿಂದ 700 ಡಿಗ್ರಿಯಲ್ಲಿ ಹದವಾಗಿ ಸುಟ್ಟ ಬೂದಿ ಚುರುಕಾಗಿರುತ್ತದೆ. ಜಾಸ್ತಿ ಕಾದರೆ ಸಿಲಿಕಾ ಹರಳುಗಟ್ಟಿ ಸುಮ್ನೆ ಉಸುಕಿನ ಹಾಗೆ ಬಿದ್ದಿರುತ್ತದೆ. ಮಿಲ್ಲಿನವರು ಸುಡುವುದು ಹಬೆಗಾಗಿ, ನಮ್ಮ ಸ್ಲ್ಯಾಬಿಗಾಗಿ ಅಲ್ಲ. ಒಂದು ಚಿಟಿಕೆ ಅಂಗೈಯಲ್ಲಿ ತಿಕ್ಕಿ ನೋಡಿ. ಕಾಡಿಗೆಯಂತೆ ಹತ್ತಿದರೆ ಇದ್ದಿಲು ಉಳಿದಿದೆ ಅಂತ. ಇನ್ನು ಬೂದಿಯ ಕಣದ ತುಂಬ ಸಣ್ಣ ತೂತುಗಳು, ನೀರು ಹೀರುತ್ತವೆ. ಮಾಲು ಬಿಗಿಯಾಯಿತು ಅಂತ ಇನ್ನೊಂದು ಬಕೆಟ್ ನೀರು ಸುರಿಯುತ್ತಾರೆ. ಕಾಂಕ್ರೀಟ್ ಕೆಡುವುದು ಅಲ್ಲೇ.

ನಿಮ್ಮ ಸಿಮೆಂಟ್ ಚೀಲದ ಮೇಲೆ ಪಿಪಿಸಿ ಅಂತ ಇದೆಯಾ? ಸಾಮಾನ್ಯವಾಗಿ ಅದರಲ್ಲಿ ನೂರಕ್ಕೆ 15ರಿಂದ 35ರಷ್ಟು ಹಾರುಬೂದಿ (ಕಲ್ಲಿದ್ದಲು ಸುಟ್ಟ ನುಣ್ಣನೆ ಬೂದಿ) ಕಂಪನಿಯಲ್ಲೇ ಬೆರೆತಿರುತ್ತದೆ. ಅದಕ್ಕೆ ಮತ್ತೆ ಬೂದಿ ಅಂದರೆ ನೀರು ಮಜ್ಜಿಗೆಗೆ ಇನ್ನಷ್ಟು ನೀರು ಹಾಕಿದಂತೆ, ಅಲ್ವಾ?

ಹಾಗಾಗಿ ಕಾಲಂ, ಸ್ಲ್ಯಾಬಿಗೆ ಈ ಬೂದಿ ಬೇಡ. ಮಸಾರಿ ಮಣ್ಣಿದ್ದರೆ ಗೋಡೆಗೆ ಬಳಸಿ. ಜರಡಿ ಹಿಡಿದು, ನೂರಕ್ಕೆ 5ರಿಂದ 8 ಸಿಮೆಂಟ್ ಸೇರಿಸಿ, ಯಂತ್ರದಲ್ಲಿ ಒತ್ತಿ, ನೀರುಣಿಸಿದರೆ ಒಳ್ಳೆ ಬ್ಲಾಕ್ ಆಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು (ಐಐಎಸ್‌ಸಿ) ದಶಕಗಳ ಹಿಂದೆಯೇ ಇದರ ಮೇಲೆ ಕೆಲಸ ಮಾಡಿದ್ದಾರೆ.

ಬೂದಿಯನ್ನು ನೋಡೇ ಬಿಡೋಣ ಅನ್ನಿಸಿದರೆ, ದನದ ಕೊಟ್ಟಿಗೆ ನೆಲಕ್ಕೆ ನೋಡಿ. ನುಣ್ಣಗೆ ಬೀಸಿ, ಒಪಿಸಿ (ಹಾರುಬೂದಿ ಬೆರೆಸದ ಸಾದಾ) ಸಿಮೆಂಟಿನ ನೂರಕ್ಕೆ 10ರಷ್ಟನ್ನು ಮಾತ್ರ ಬದಲಿಸಿ. ಮೊದಲು 150 ಮಿಮೀ ಕ್ಯೂಬ್ ಎರಕ ಹೊಯ್ದು, 28 ದಿನ ನೀರಲ್ಲಿಟ್ಟು, ಹುಬ್ಬಳ್ಳಿ-ಧಾರವಾಡದ ಯಾವುದಾದರೂ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಒಡೆಸಿ ಗಟ್ಟಿತನ ನೋಡಿ. ಅಷ್ಟು ದಿನ ಕಾಯುವ ಪುರುಸೊತ್ತಿಲ್ಲ ಅಂದರೆ ಬೂದಿಯನ್ನು ಗದ್ದೆಗೇ ಹಾಕಿಬಿಡಿ.