ಗಾಡಿ ಮಾತು: ಅಟ್ಲಾಂಟಿಕ್ ದಾಟಿದ ಮಸ್ಟಾಂಗ್ ಮತ್ತು ಅದರ ಬೆಲೆ

ಅಮೆರಿಕದ ಸ್ಪೋರ್ಟ್ಸ್ ಕಾರಾದ ಫೋರ್ಡ್ ಮಸ್ಟಾಂಗ್‌ನ ಏಳನೆಯ ತಲೆಮಾರಿನ ಕುರಿತು ಕಳೆದ ಸಂಚಿಕೆಯಲ್ಲಿ ಬರೆದ ಟಿಪ್ಪಣಿಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಯುರೋಪಿನಲ್ಲಿ ಅದರ ಬೆಲೆಯ ಬಗ್ಗೆಯೇ ಇದ್ದುದರಿಂದ, ಈ ಬಾರಿಯ ಅಂಕಣವನ್ನು ಬಹುಮಟ್ಟಿಗೆ ಆ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾನು ಮ್ಯೂನಿಕ್‌ನಲ್ಲಿ ಕೆಲಸ ಮಾಡುವ ಕನ್ನಡಿಗ. ಕಚೇರಿ ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿದ್ದಾಗ ಮಸ್ಟಾಂಗ್ ಜಿಟಿ ಸುಮಾರು 42,500 ಡಾಲರಿಗೆ ಸಿಗುವುದನ್ನು ನೋಡಿದೆ. ಇಲ್ಲಿ ಅದೇ ಕಾರಿಗೆ ಹತ್ತಿರಹತ್ತಿರ 60 ಸಾವಿರ ಯೂರೊ ಕೇಳುತ್ತಾರೆ. ಕಂಪನಿಯು ಯುರೋಪಿನ ಗ್ರಾಹಕರನ್ನು ಸುಲಿಯುತ್ತಿದೆಯೆ? (ಒಬ್ಬ ಓದುಗರು, ಮ್ಯೂನಿಕ್)

ಉತ್ತರ: ಎರಡು ಬೆಲೆಗಳನ್ನು ಮೊದಲು ಒಂದೇ ತಕ್ಕಡಿಗೆ ತರಬೇಕು. ಅಮೆರಿಕದ ಷೋರೂಮಿನಲ್ಲಿ ನೀವು ನೋಡಿದ ಬೆಲೆಯಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ. ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುವುದರಿಂದ ಬಿಲ್ ಮಾಡುವಾಗ ಪ್ರತ್ಯೇಕವಾಗಿ ಸೇರಿಸುತ್ತಾರೆ. ಜರ್ಮನಿಯ ಬೆಲೆಪಟ್ಟಿಯಲ್ಲಿ ಶೇ 19ರ ಮೌಲ್ಯವರ್ಧಿತ ತೆರಿಗೆ ಒಳಗೇ ಅಡಗಿರುತ್ತದೆ. ಅದಕ್ಕೂ ಮೊದಲು, ಮಿಷಿಗನ್‌ನ ಫ್ಲಾಟ್ ರಾಕ್ ಕಾರ್ಖಾನೆಯಿಂದ ಹೊರಟ ಕಾರು ಹಡಗಿನಿಂದ ಇಳಿಯುತ್ತಲೇ ಐರೋಪ್ಯ ಒಕ್ಕೂಟದ ಶೇ 10ರ ಆಮದು ಸುಂಕ ಬೀಳುತ್ತ ಬಂದಿದೆ. ಆ ಸುಂಕ ಸೇರಿದ ಮೊತ್ತದ ಮೇಲೆ ತೆರಿಗೆ ಲೆಕ್ಕ ಹಾಕುವುದರಿಂದ, ಗ್ರಾಹಕನು ಸುಂಕದ ಮೇಲೂ ತೆರಿಗೆ ಕಟ್ಟುತ್ತಾನೆ.

ಒಂದು ಅಂದಾಜಿನ ಲೆಕ್ಕ ಹಾಕೋಣ. 42,500 ಡಾಲರು ಎಂದರೆ ಸುಮಾರು 39 ಸಾವಿರ ಯೂರೊ ಎಂದಿಟ್ಟುಕೊಂಡು, ಸಾಗಣೆಗೆ ಒಂದೂವರೆ ಸಾವಿರ ಸೇರಿಸಿದರೆ 40,500 ಆಗುತ್ತದೆ. ಸುಂಕ ಸೇರಿದಾಗ ಅದು 44,550ಕ್ಕೆ ಏರುತ್ತದೆ, ತೆರಿಗೆ ಸೇರಿದಾಗ 53 ಸಾವಿರಕ್ಕೆ ಮುಟ್ಟುತ್ತದೆ. ವಾಸ್ತವದಲ್ಲಿ ಸುಂಕವನ್ನು ವಿಧಿಸುವುದು ಅಂಗಡಿಯ ಬೆಲೆಯ ಮೇಲಲ್ಲ, ಆಮದಿನ ದಾಖಲೆಯಲ್ಲಿ ತೋರಿಸಿದ ಮೌಲ್ಯದ ಮೇಲೆ. ಆದರೂ ಏರಿಕೆಯ ದೊಡ್ಡ ಪಾಲು ಎಲ್ಲಿಂದ ಬಂತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಉಳಿದ ಆರೇಳು ಸಾವಿರದಲ್ಲಿ ಯುರೋಪಿನ ಹೊಗೆ, ಶಬ್ದ ಮತ್ತು ದೀಪಗಳ ನಿಯಮಕ್ಕೆ ಕಾರನ್ನು ಹೊಂದಿಸುವ ಖರ್ಚು ಇದೆ. ಆ ಖರ್ಚನ್ನು ಅಮೆರಿಕಕ್ಕಿಂತ ಬಹಳ ಕಡಿಮೆ ಸಂಖ್ಯೆಯ ಕಾರುಗಳ ಮೇಲೆ ಹಂಚಬೇಕಾಗುತ್ತದೆ. ಜತೆಗೆ ಅಮೆರಿಕದಲ್ಲಿ ಹೆಚ್ಚುವರಿ ಹಣಕ್ಕೆ ಸಿಗುವ ಕೆಲವು ಸಲಕರಣೆಗಳು ಇಲ್ಲಿ ಮೂಲ ಬೆಲೆಯಲ್ಲೇ ಸೇರಿರುತ್ತವೆ. ಹಾಗಾಗಿ ಸುಲಿಗೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ನಿಮ್ಮ ಅಸಮಾಧಾನಕ್ಕೆ ಇನ್ನೊಂದು ನ್ಯಾಯವಾದ ಕಾರಣವಿದೆ. ಹೆಚ್ಚು ಹಣ ಕೊಟ್ಟವರಿಗೆ ಕಡಿಮೆ ಶಕ್ತಿ ಸಿಗುತ್ತಿದೆ. ಅಮೆರಿಕದ ಜಿಟಿಯಲ್ಲಿ 480 ಅಶ್ವಶಕ್ತಿಯಿದ್ದರೆ, ಯುರೋಪಿನ ನಿಯಮಗಳಿಗೆ ಹೊಂದಿಸಿದ ಅದೇ 5 ಲೀಟರ್ ಎಂಜಿನ್ನಿನಿಂದ ಹೊರಬರುವುದು 446. ಬೆಲೆಯೂ ಒಂದೇ ಸಮನೆ ಏರಿದೆ. 2015ರಲ್ಲಿ ಬ್ರಿಟನ್ನಿನಲ್ಲಿ ವಿ8 (ಎಂಟು ಸಿಲಿಂಡರಿನ) ಮಸ್ಟಾಂಗ್ 33 ಸಾವಿರ ಪೌಂಡಿನ ಆಸುಪಾಸಿನಲ್ಲಿ ಮಾರುಕಟ್ಟೆಗೆ ಬಂದಿತ್ತು. 2024ರ ಹೊತ್ತಿಗೆ ಅದು 55 ಸಾವಿರ ದಾಟಿತು. ಕಡಿಮೆ ಬೆಲೆಯ 2.3 ಲೀಟರ್ ನಾಲ್ಕು ಸಿಲಿಂಡರಿನ ಮಾದರಿಯನ್ನು ಹೊಸ ತಲೆಮಾರಿನಲ್ಲಿ ಯುರೋಪಿಗೆ ತರಲೇ ಇಲ್ಲ. ಕೆಳಗಿನ ಮೆಟ್ಟಿಲನ್ನೇ ತೆಗೆದುಬಿಟ್ಟರೆ ಯುವ ಗ್ರಾಹಕರು ಹತ್ತುವುದು ಹೇಗೆ ಎಂಬುದು ನನ್ನನ್ನೂ ಕಾಡುವ ಪ್ರಶ್ನೆ.

ಪ್ರಶ್ನೆ: ಅಮೆರಿಕದ ಕೈಗಾರಿಕಾ ಸರಕುಗಳ ಮೇಲಿನ ಸುಂಕವನ್ನು ತೆಗೆಯಲು ಐರೋಪ್ಯ ಒಕ್ಕೂಟ 2025ರ ಆಗಸ್ಟಿನ ಜಂಟಿ ಹೇಳಿಕೆಯಲ್ಲಿ ಒಪ್ಪಿಕೊಂಡಿತಲ್ಲ, ಇನ್ನು ಈ ಕಾರುಗಳು ಅಗ್ಗವಾಗುತ್ತವೆಯೆ? (ವಾಣಿಜ್ಯಶಾಸ್ತ್ರ ಉಪನ್ಯಾಸಕರು, ಬೆಳಗಾವಿ)

ಉತ್ತರ: ಮೇಲಿನ ಲೆಕ್ಕದಲ್ಲಿ ಶೇ 10ರ ಸುಂಕವನ್ನು ಪೂರ್ತಿ ಅಳಿಸಿದರೆ ಬೆಲೆ 48 ಸಾವಿರಕ್ಕೆ ಇಳಿಯುತ್ತದೆ, ಅಂದರೆ ಐದು ಸಾವಿರ ಯೂರೊಗೆ ತುಸು ಕಡಿಮೆ ಉಳಿತಾಯ. ಅದನ್ನು ಕಂಪನಿಯು ಗ್ರಾಹಕನಿಗೇ ಬಿಟ್ಟುಕೊಟ್ಟಾಗ ಮಾತ್ರ ಅದು ಉಳಿತಾಯ. ಆದರೆ ಈ ಕಾರುಗಳ ಹಣೆಬರಹವನ್ನು ಬರೆಯುವುದು ಬಂದರಿನ ಸುಂಕಕ್ಕಿಂತ ಹೆಚ್ಚಾಗಿ ಆಯಾ ದೇಶದ ನೋಂದಣಿ ತೆರಿಗೆ ಮತ್ತು ವಾರ್ಷಿಕ ತೆರಿಗೆ.

ಫ್ರಾನ್ಸಿನ ಉದಾಹರಣೆ ಎಲ್ಲಕ್ಕಿಂತ ಕಠೋರವಾದದ್ದು. ಅಲ್ಲಿ ಹೊಸ ಕಾರನ್ನು ನೋಂದಾಯಿಸುವಾಗ, ಅದು ಕಿಲೋಮೀಟರಿಗೆ ಎಷ್ಟು ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಸೂಸುತ್ತದೆ ಎಂಬುದರ ಮೇಲೆ ‘ಮಾಲ್ಯೂಸ್’ ಎಂಬ ದಂಡರೂಪದ ತೆರಿಗೆ ಕಟ್ಟಬೇಕು. 2020ರಲ್ಲಿ ಅದರ ಗರಿಷ್ಠ ಮಿತಿ 20 ಸಾವಿರ ಯೂರೊ ಇತ್ತು. ಅಲ್ಲಿಂದ ಮುಂದೆ ವರ್ಷಕ್ಕೆ ಹತ್ತು ಸಾವಿರದಂತೆ ಏರುತ್ತ 2025ರಲ್ಲಿ 70 ಸಾವಿರಕ್ಕೆ ಬಂತು. ಆ ವರ್ಷ 193 ಗ್ರಾಂ ಮುಟ್ಟಿದ ಕಾರಿಗೆ ಅಷ್ಟೂ ಮೊತ್ತ ಬೀಳುತ್ತಿತ್ತು. ವಿ8 ಮಸ್ಟಾಂಗ್ 250 ಗ್ರಾಂ ದಾಟುವ ಕಾರು. ಹೀಗಾಗಿ ಪ್ಯಾರಿಸಿನ ಗ್ರಾಹಕನು ಕಾರಿನ ಬೆಲೆಗಿಂತ ಹೆಚ್ಚಿನ ತೆರಿಗೆ ಕಟ್ಟಿ ಅದನ್ನು ಮನೆಗೆ ತರಬೇಕು. ಹೊಗೆಗೆ ಬೆಲೆ ಕಟ್ಟಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ವಾರಕ್ಕೊಮ್ಮೆ ಭಾನುವಾರ ಮಾತ್ರ ಓಡುವ ಕಾರಿಗೂ ದಿನವೂ ನೂರು ಕಿಲೋಮೀಟರ್ ಓಡುವ ಕಾರಿಗೂ ಒಂದೇ ದಂಡ ಹಾಕುವ ಕ್ರಮ ಸರಿಯಲ್ಲ. ಪೆಟ್ರೋಲಿನ ಮೇಲಿನ ತೆರಿಗೆಯಾದರೆ ಓಡಿಸಿದಷ್ಟಕ್ಕೆ ತೆತ್ತಂತಾಗುತ್ತದೆ.

ಇಟಲಿಯದು ಬೇರೆಯೇ ದಾರಿ. ಅಲ್ಲಿ 185 ಕಿಲೋವ್ಯಾಟಿಗಿಂತ ಮೇಲಿನ ಪ್ರತಿ ಕಿಲೋವ್ಯಾಟಿಗೆ ವರ್ಷಕ್ಕೆ 20 ಯೂರೊ ಹೆಚ್ಚುವರಿ ತೆರಿಗೆ ಇದೆ, ಅದನ್ನು ‘ಸೂಪರ್‌ಬೊಲ್ಲೊ’ ಎನ್ನುತ್ತಾರೆ. 446 ಅಶ್ವಶಕ್ತಿ ಎಂದರೆ 328 ಕಿಲೋವ್ಯಾಟ್, ಹಾಗಾಗಿ ಮಾಮೂಲಿ ತೆರಿಗೆಯ ಮೇಲೆ ವರ್ಷಕ್ಕೆ 2,860 ಯೂರೊ. ಕಾರಿಗೆ ಐದು ವರ್ಷ ತುಂಬಿದ ಮೇಲೆ ಇದು ಹಂತಹಂತವಾಗಿ ಇಳಿಯುತ್ತ, ಇಪ್ಪತ್ತು ವರ್ಷಕ್ಕೆ ಇಲ್ಲವಾಗುತ್ತದೆ. ಇವೆರಡರ ಪಕ್ಕದಲ್ಲಿ ಜರ್ಮನಿ ಉದಾರಿ. ಪ್ರತಿ 100 ಘನ ಸೆಂಟಿಮೀಟರಿಗೆ 2 ಯೂರೊ, ಜತೆಗೆ 95 ಗ್ರಾಂ ಮೀರಿದ ಹೊಗೆಗೆ ಏರುಗತಿಯ ದರ. 270 ಗ್ರಾಂ ಹೊರಸೂಸುವ 5 ಲೀಟರಿನ ಕಾರು ಎಂದಿಟ್ಟುಕೊಂಡರೆ ಎಲ್ಲ ಸೇರಿ ವರ್ಷಕ್ಕೆ 660 ಯೂರೊ ಚಿಲ್ಲರೆ ಬರುತ್ತದೆ. ಮಸ್ಟಾಂಗ್‌ಗೆ ಜರ್ಮನಿಯಲ್ಲಿ ನೆಲೆ ಸಿಕ್ಕಿದ್ದಕ್ಕೂ ಫ್ರಾನ್ಸಿನಲ್ಲಿ ಅದು ಅಪರೂಪವಾದದ್ದಕ್ಕೂ ಅಭಿರುಚಿಗಿಂತ ಈ ಅಂಕಿಗಳೇ ಹೆಚ್ಚು ಕಾರಣವೆಂದು ನನ್ನ ಎಣಿಕೆ.

ಪ್ರಶ್ನೆ: ಪೋರ್ಷೆ, ಬಿಎಂಡಬ್ಲ್ಯುಗಳು ಹುಟ್ಟಿದ ನಾಡಿನವರು ಅಮೆರಿಕದ ಕಾರಿಗೆ ಮನಸೋಲುವುದೇಕೆ? (ನಿವೃತ್ತ ಮೆಕ್ಯಾನಿಕಲ್ ಎಂಜಿನಿಯರ್, ಮೈಸೂರು)

ಉತ್ತರ: ಯುರೋಪಿನವರಿಗೆ ದೊಡ್ಡ ಎಂಜಿನ್ ನೂರು ವರ್ಷಗಳಿಂದ ಕೈಗೆಟುಕದ ಹಣ್ಣು. ಬ್ರಿಟನ್ನಿನಲ್ಲಿ 1921ರಿಂದ ಕಾರಿನ ತೆರಿಗೆಯನ್ನು ಸಿಲಿಂಡರಿನ ವ್ಯಾಸ ಅಳೆದು ನಿಗದಿ ಮಾಡುತ್ತಿದ್ದರು. ಆ ಸೂತ್ರದ ಪ್ರಕಾರ ಫೋರ್ಡ್ ಮಾಡೆಲ್ ಟಿ 22 ಅಶ್ವಶಕ್ತಿಯ ಗಾಡಿಯೆನಿಸಿಕೊಂಡರೆ, ಅದರ ಎದುರಾಳಿ ಮಾರಿಸ್ ಕೌಲಿ ಸುಮಾರು 12ಕ್ಕೆ ನಿಲ್ಲುತ್ತಿತ್ತು. ಒಂದು ಅಶ್ವಶಕ್ತಿಗೆ ವರ್ಷಕ್ಕೆ ಒಂದು ಪೌಂಡ್. ತೆರಿಗೆ ತಪ್ಪಿಸಲು ಬ್ರಿಟಿಷ್ ತಯಾರಕರು ಸಿಲಿಂಡರನ್ನು ಸಪೂರ ಮಾಡಿ ಪಿಸ್ಟನ್ನಿನ ಓಟವನ್ನು ಉದ್ದ ಮಾಡಿದರು. ಹೀಗೆ ಸಣ್ಣ ಎಂಜಿನ್ನಿನಿಂದ ಹೆಚ್ಚು ಶಕ್ತಿ ಹಿಂಡುವುದೇ ಯುರೋಪಿನ ಜಾಣ್ಮೆಯಾಯಿತು. ಪೆಟ್ರೋಲ್ ಅಗ್ಗವಾಗಿದ್ದ ಅಮೆರಿಕದಲ್ಲಿ ಆ ಕಷ್ಟವಿರಲಿಲ್ಲ. ಯಾವ ಗುಣಕ್ಕಾಗಿ ಯುರೋಪಿನವರು ಈ ಕಾರನ್ನು ಪ್ರೀತಿಸುತ್ತಾರೋ ಆ ಗುಣಕ್ಕೇ ಅವರ ಸರ್ಕಾರಗಳು ತೆರಿಗೆ ಹಾಕುತ್ತ ಬಂದಿವೆ.

ಆ ಪ್ರೀತಿಗೆ ಸಾಕ್ಷಿಗಳು ಬೇಕಾದಷ್ಟಿವೆ. ಇಂಗ್ಲೆಂಡಿನ ಜೆನ್ಸನ್ ಇಂಟರ್‌ಸೆಪ್ಟರ್‌ಗೆ ಇಟಲಿಯ ವಿನ್ಯಾಸವಿದ್ದರೂ ಎಂಜಿನ್ ಕ್ರೈಸ್ಲರ್ ವಿ8. ಇಟಲಿಯ ಇಸೊ ಗ್ರಿಫೊಗೆ ಷೆವರ್ಲೆ ಎಂಜಿನ್, ಡಿ ಟೊಮಾಸೊ ಪಾಂಟೆರಾಗೆ ಫೋರ್ಡ್ ಎಂಜಿನ್. ನಮ್ಮ ನವ್ಯ ಸಾಹಿತಿಗಳ ಮೂಲಕ ಕನ್ನಡ ಓದುಗರಿಗೆ ಪರಿಚಿತನಾದ ಫ್ರೆಂಚ್ ಲೇಖಕ ಆಲ್ಬರ್ಟ್ ಕಾಮು 1960ರ ಜನವರಿ 4ರಂದು ಅಪಘಾತದಲ್ಲಿ ತೀರಿಕೊಂಡದ್ದು ಫಾಸೆಲ್ ವೇಗಾ ಎಂಬ ಫ್ರೆಂಚ್ ಕಾರಿನಲ್ಲಿ, ಅದರ ಒಳಗಿದ್ದುದೂ ಅಮೆರಿಕದ ವಿ8. ಸ್ವೀಡನ್ನಿನಲ್ಲಂತೂ 1950ರ ದಶಕದಿಂದ ‘ರಗ್ಗಾರೆ’ ಎಂದು ಕರೆಸಿಕೊಳ್ಳುವ ಯುವಜನರ ಗುಂಪುಗಳು ಹಳೆಯ ಅಮೆರಿಕನ್ ಕಾರುಗಳನ್ನೇ ತಮ್ಮ ಬದುಕಿನ ಗುರುತು ಮಾಡಿಕೊಂಡವು. ಜರ್ಮನಿಯಲ್ಲಿ ಮಸ್ಟಾಂಗ್ ಎಂಬ ಹೆಸರಿನ ಹಕ್ಕು ಟ್ರಕ್ ತಯಾರಿಸುತ್ತಿದ್ದ ಕ್ರುಪ್ ಕಂಪನಿಯ ಬಳಿ ಇದ್ದುದರಿಂದ, 1970ರ ದಶಕದ ಕೊನೆಯವರೆಗೂ ಅದು ‘ಟಿ-5’ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಹೆಸರಿಲ್ಲದಿದ್ದರೂ ಜನ ಅದನ್ನು ಕೊಂಡರು.

ನೀವು ಎಂಜಿನಿಯರ್ ಆದ್ದರಿಂದ ಮಸ್ಟಾಂಗ್‌ನ ವಿ8 ಎಂಜಿನ್ನಿನ ದನಿಯ ಬಗ್ಗೆ ತುಸು ವಿವರವಾಗಿ ಹೇಳುವ ಆಸೆ. ಎಂಟು ಸಿಲಿಂಡರುಗಳ ಎಂಜಿನ್ನಿನಲ್ಲಿ, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಎಂಬ ದಂಡ 90 ಡಿಗ್ರಿ ತಿರುಗಿದಾಗಲೊಮ್ಮೆ ಒಂದು ಸಿಲಿಂಡರು ಉರಿಯುತ್ತದೆ. ಆದರೆ ಮಸ್ಟಾಂಗ್ ಜಿಟಿಯಲ್ಲಿರುವಂತಹ, ಪಿಸ್ಟನ್ನುಗಳು ತಗುಲಿಕೊಳ್ಳುವ ಮಡಿಕೆಗಳು ಶಿಲುಬೆಯಾಕಾರದಲ್ಲಿರುವ ಕ್ರ್ಯಾಂಕ್‌ಶಾಫ್ಟಿನಲ್ಲಿ, ಒಂದು ಬದಿಯ ನಾಲ್ಕು ಸಿಲಿಂಡರುಗಳನ್ನಷ್ಟೇ ಗಮನಿಸಿದರೆ ಉರಿಯುವ ಅಂತರ 90, 180, 270, 180 ಡಿಗ್ರಿ ಎಂದು ಏರುಪೇರಾಗುತ್ತದೆ. ಆ ಅಸಮ ತಾಳವೇ ಸೈಲೆನ್ಸರಿನಲ್ಲಿ ಗುಡುಗುಡು ಎಂದು ಹೊಮ್ಮುವುದು. ಫೆರಾರಿಯ ಚಪ್ಪಟೆ (ಮಡಿಕೆಗಳೆಲ್ಲ ಒಂದೇ ಸಮತಲದಲ್ಲಿರುವ) ಕ್ರ್ಯಾಂಕಿನ ವಿ8 ಸಮತಾಳದಲ್ಲಿ ಉರಿಯುವುದರಿಂದ ಅದು ಕಿರುಚುತ್ತದೆ, ಗುಡುಗುವುದಿಲ್ಲ. ಕೊಲೋನ್ ನಗರದ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಒಂದು ಚಳಿಗಾಲದ ಬೆಳಗ್ಗೆ ಗೆಳೆಯರೊಬ್ಬರು ತಮ್ಮ ಮಸ್ಟಾಂಗ್‌ಗೆ ಚಾಲನೆ ಕೊಟ್ಟಾಗ, ಕಾಂಕ್ರೀಟ್ ಕಂಬಕ್ಕೆ ಒರಗಿದ್ದ ನನ್ನ ಬೆನ್ನಿಗೇ ಆ ದನಿ ತಾಕಿತು. ಅದೇ ಜಾಗದಲ್ಲಿ ಅದರ ಕೊರತೆಯೂ ಕಂಡಿತು. ಅಲ್ಲಿನ ಹಳೆಯ ಪಾರ್ಕಿಂಗ್ ಅಂಕಣಗಳ ಅಗಲ 2.30 ಮೀಟರ್, ಕಾರಿನ ಅಗಲ ಕನ್ನಡಿಗಳನ್ನು ಬಿಟ್ಟರೂ 1.90 ಮೀಟರಿಗಿಂತ ಹೆಚ್ಚು. ಉದ್ದನೆಯ ಬಾಗಿಲನ್ನು ಒಂದು ಗೇಣಿನಷ್ಟು ಮಾತ್ರ ತೆರೆದು, ಗೆಳೆಯರು ಹೊಟ್ಟೆ ಒಳಗೆಳೆದುಕೊಂಡು ಇಳಿಯಬೇಕಾಯಿತು.

ಇನ್ನು ಹಣದ ಮಾತು. ಬಿಎಂಡಬ್ಲ್ಯು ಎಂ4 ಜರ್ಮನಿಯಲ್ಲೇ 90 ಸಾವಿರ ಯೂರೊ ದಾಟುತ್ತದೆ. ತಿರುವಿನಲ್ಲಿ ಅದು ಹೆಚ್ಚು ನಿಖರ, ಒಳಾಂಗಣವೂ ಹೆಚ್ಚು ನಯ. ಆದರೆ ಎಂಟು ಸಿಲಿಂಡರು ಬೇಕೆನ್ನುವವನಿಗೆ ಅದರಲ್ಲಿರುವುದು ಆರೇ. 2016ರ ಮಾರ್ಚ್ ತಿಂಗಳಲ್ಲಿ ಜರ್ಮನಿಯಲ್ಲಿ ಮಸ್ಟಾಂಗ್‌ನ ಮಾರಾಟ ಪೋರ್ಷೆ 911 ಮತ್ತು ಆಡಿ ಟಿಟಿ ಎರಡನ್ನೂ ಮೀರಿಸಿತ್ತು.

ಪ್ರಶ್ನೆ: ಸುರಕ್ಷತೆಯಲ್ಲಿ ಮಸ್ಟಾಂಗ್ ಹಿಂದುಳಿದಿದೆ ಎಂಬುದು ನಿಜವೆ? (ಗೃಹಿಣಿ, ಉಡುಪಿ)

ಉತ್ತರ: 2017ರ ಜನವರಿಯಲ್ಲಿ, ಕಾರುಗಳ ಸುರಕ್ಷತೆಯನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸುವ ಯುರೋ ಎನ್‌ಕ್ಯಾಪ್ ಸಂಸ್ಥೆ ಹಿಂದಿನ, ಅಂದರೆ ಆರನೆಯ ತಲೆಮಾರಿನ ಮಸ್ಟಾಂಗ್‌ಗೆ ಐದರಲ್ಲಿ ಎರಡೇ ನಕ್ಷತ್ರ ಕೊಟ್ಟಿತು. ಡಿಕ್ಕಿಯಲ್ಲಿ ಮುಂದಿನ ಏರ್‌ಬ್ಯಾಗುಗಳು ಸಾಕಷ್ಟು ಉಬ್ಬದಿದ್ದುದು, ಹಿಂದಿನ ಸೀಟಿನವರ ರಕ್ಷಣೆ ದುರ್ಬಲವಾಗಿದ್ದುದು ಮತ್ತು ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಇಲ್ಲದಿದ್ದುದು ಮುಖ್ಯ ಕಾರಣಗಳು. ತಿದ್ದುಪಡಿಯ ನಂತರ ಅದೇ ವರ್ಷ ಮೂರು ನಕ್ಷತ್ರ ಬಂತು. ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸುವವರು ಆ ತಲೆಮಾರಿನ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳದಿರುವುದೇ ಒಳ್ಳೆಯದೆಂದು ನನ್ನ ಸಲಹೆ.

ಪ್ರಶ್ನೆ: ಅಮೆರಿಕದ ಸ್ಪೋರ್ಟ್ಸ್ ಕಾರು ಷೆವರ್ಲೆ ಕಾರ್ವೆಟ್ ಫ್ರಾನ್ಸಿನ ಲೆ ಮಾನ್ಸ್ ಕಾರ್ ಓಟದಲ್ಲಿ ಅಷ್ಟು ಬಾರಿ ತನ್ನ ವಿಭಾಗದಲ್ಲಿ ಗೆದ್ದಿದೆ. ಆದರೂ ಯುರೋಪಿನ ರಸ್ತೆಗಳಲ್ಲಿ ಏಕೆ ಕಾಣುವುದಿಲ್ಲ? (ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು)

ಉತ್ತರ: ಓಟ ಗೆಲ್ಲುವುದು ಬೇರೆ, ರಿಪೇರಿಗೆ ಹತ್ತಿರದಲ್ಲಿ ಅಂಗಡಿ ಇರುವುದು ಬೇರೆ. ಷೆವರ್ಲೆಯ ಒಡೆತನದ ಜನರಲ್ ಮೋಟಾರ್ಸ್ 2015ರ ಕೊನೆಗೆ ಯುರೋಪಿನಲ್ಲಿ ಷೆವರ್ಲೆಯ ಸಾಮಾನ್ಯ ಕಾರುಗಳ ಮಾರಾಟ ನಿಲ್ಲಿಸಿತು, 2017ರಲ್ಲಿ ತನ್ನ ಯುರೋಪಿನ ಕಂಪನಿಗಳಾದ ಓಪೆಲ್ ಮತ್ತು ವಾಕ್ಸ್‌ಹಾಲ್‌ಗಳನ್ನು ಮಾರಿತು. ಷೆವರ್ಲೆಯ ಸ್ಪೋರ್ಟ್ಸ್ ಕಾರುಗಳಾದ ಕಾರ್ವೆಟ್ ಮತ್ತು ಕಮಾರೊ ಬೆರಳೆಣಿಕೆಯ ಮಳಿಗೆಗಳ ಆಸರೆಯಲ್ಲಿ ಉಳಿದವು. ಫೋರ್ಡ್‌ಗೆ ಮಾತ್ರ ಫಿಯೆಸ್ಟಾ, ಫೋಕಸ್ ಮಾರುತ್ತಿದ್ದ ಮಳಿಗೆಗಳು ಊರೂರಿನಲ್ಲಿದ್ದವು. ಇನ್ನೊಂದು ಸಂಗತಿ, 2015ರ ಮಸ್ಟಾಂಗ್ ಕಾರ್ಖಾನೆಯಿಂದಲೇ ಬಲಬದಿಯ ಸ್ಟೀರಿಂಗಿನೊಂದಿಗೆ ಬಂದುದರಿಂದ ಬ್ರಿಟನ್ನಿನ ಬಾಗಿಲು ತೆರೆಯಿತು. ಕಾರ್ವೆಟ್‌ಗೆ ಆ ಭಾಗ್ಯ ಬಂದದ್ದು ಎಂಟನೆಯ ತಲೆಮಾರಿನಲ್ಲಿ, ಅದೂ ಎಂಜಿನ್ನನ್ನು ಚಾಲಕನ ಬೆನ್ನ ಹಿಂದಕ್ಕೆ ಸರಿಸಿದ ಮೇಲೆ. ಅಮೆರಿಕದಲ್ಲಿ 60 ಸಾವಿರ ಡಾಲರಿಗೂ ಕೆಳಗೆ ಶುರುವಾದ ಆ ಕಾರು ಯುರೋಪಿನಲ್ಲಿ ಪೋರ್ಷೆ 911ರ ಬೆಲೆಯ ಹತ್ತಿರಕ್ಕೇ ಬಂದು ಕುಳಿತಿದ್ದು ವಿಷಾದದ ಸಂಗತಿ. ಕಾರ್ವೆಟ್ಟನ್ನು ವೇಗದ ಕಾರಾಗಿ ಬೆಳೆಸಿದ ಎಂಜಿನಿಯರ್ ಜೋರಾ ಆರ್ಕಸ್-ಡಂಟೊವ್ ಹುಟ್ಟಿದ್ದು ಬ್ರಸೆಲ್ಸ್‌ನಲ್ಲಿ, ಅವರ ತವರಿನಲ್ಲೇ ಅದು ಅಪರೂಪವಾಗಿದೆ.

ಪ್ರಶ್ನೆ: ಭಾರತಕ್ಕೆ ಬಂದ ಮಸ್ಟಾಂಗ್‌ಗೂ ಯುರೋಪಿಗೆ ಹೋದ ಮಸ್ಟಾಂಗ್‌ಗೂ ಸಂಬಂಧವಿದೆಯೆ? (ವ್ಯಾಪಾರಿ, ದಾವಣಗೆರೆ)

ಉತ್ತರ: ಇದೆ. ಬ್ರಿಟನ್ನಿನಂತಹ ಮಾರುಕಟ್ಟೆಗಳಿಗೆಂದು ಬಲಬದಿಯ ಸ್ಟೀರಿಂಗ್ ಮಾಡಿದ್ದರಿಂದಲೇ 2016ರ ಜುಲೈಯಲ್ಲಿ ಅದು ಇಲ್ಲಿಗೂ ಬಂತು. ದೆಹಲಿಯ ಷೋರೂಮ್ ಬೆಲೆ 65 ಲಕ್ಷ ರೂಪಾಯಿ. ಪೂರ್ತಿ ಜೋಡಿಸಿ ತರುವ, 3 ಲೀಟರ್ ಮೀರಿದ ಪೆಟ್ರೋಲ್ ಕಾರಿಗೆ ನಮ್ಮಲ್ಲಿ ಆಗ ಶೇ 100ರ ಸುಂಕವಿತ್ತು. ಅದರ ಎದುರು ಯುರೋಪಿನ ಶೇ 10 ಏನೂ ಅಲ್ಲ.

ಪ್ರಶ್ನೆ: ಅಧಿಕೃತವಾಗಿ ಮಾರಾಟಕ್ಕಿಲ್ಲದ ಡಾಡ್ಜ್ ಚಾಲೆಂಜರ್ ಅನ್ನು ಅಮೆರಿಕದಿಂದ ಜರ್ಮನಿಗೆ ನಾನೇ ತರಿಸಿಕೊಳ್ಳಬಹುದೆ? (ಹುಬ್ಬಳ್ಳಿಯ ಓದುಗರು, ಸದ್ಯ ಸ್ಟಟ್‌ಗಾರ್ಟ್)

ಉತ್ತರ: ತರಿಸಬಹುದು, ಆದರೆ ಸುಂಕ ಮತ್ತು ತೆರಿಗೆ ನಿಮಗೂ ತಪ್ಪುವುದಿಲ್ಲ. ಅದರ ಮೇಲೆ, ಹೀಗೆ ಒಂಟಿಯಾಗಿ ತರಿಸಿದ ವಾಹನಕ್ಕೆ ನಡೆಸುವ ಪರೀಕ್ಷೆಯನ್ನು ಪಾಸು ಮಾಡಿಸಬೇಕು. ಅಮೆರಿಕದಲ್ಲಿ ಹಿಂಬದಿಯ ಇಂಡಿಕೇಟರು ಕೆಂಪಗಿರಬಹುದು, ಯುರೋಪಿನಲ್ಲಿ ಕಿತ್ತಳೆ ಬಣ್ಣವೇ ಬೇಕು. ಹಿಂದೆ ಮಂಜಿನ ದೀಪ ಇರಬೇಕು, ಹೆಡ್‌ಲೈಟಿನ ಬೆಳಕಿನ ಹಾಸು ಇಲ್ಲಿನ ನಿಯಮಕ್ಕೆ ಹೊಂದಬೇಕು.

ನಿಮಗೆ ಬೇಕಾದದ್ದು ಆ ರೂಪ ಮತ್ತು ಆ ದನಿಯಷ್ಟೇ ಆದರೆ, ಹಳೆಯ ಚಾಲೆಂಜರ್ ಅಥವಾ 1960ರ ದಶಕದ ಮಸ್ಟಾಂಗ್ ಹುಡುಕಿ. ಮೂವತ್ತು ವರ್ಷ ದಾಟಿದ, ಮೂಲ ಸ್ಥಿತಿಯಲ್ಲಿರುವ ಕಾರು ಸಂಗ್ರಹಯೋಗ್ಯ ವಸ್ತುವೆಂದು ಅಂಗೀಕಾರವಾದರೆ ಆಮದು ಸುಂಕವಿಲ್ಲ, ಜರ್ಮನಿಯ ತೆರಿಗೆಯೂ ಶೇ 19ರ ಬದಲು 7. ಐತಿಹಾಸಿಕ ವಾಹನದ ‘ಎಚ್’ ನಂಬರ್ ಪ್ಲೇಟ್ ಸಿಕ್ಕಿದರೆ, ಎಂಜಿನ್ ಎಷ್ಟೇ ದೊಡ್ಡದಿರಲಿ, ವರ್ಷಕ್ಕೆ 191.73 ಯೂರೊ ಮಾತ್ರ. ಇವೆಲ್ಲವೂ ಕಾರಿನ ಮೂಲ ಸ್ಥಿತಿಯನ್ನೇ ಅವಲಂಬಿಸಿರುವುದರಿಂದ, ಹಣ ಕಳಿಸುವ ಮೊದಲು ಕಾರನ್ನು ಮೇಲೆತ್ತಿಸಿ, ಅಡಿಭಾಗದ ತಗಡು, ಬಾಗಿಲಿನ ಕೆಳಗಿನ ಪಟ್ಟಿ ಮತ್ತು ಹಿಂದಿನ ಚಕ್ರದ ಗೂಡುಗಳ ಚಿತ್ರ ತರಿಸಿಕೊಂಡು ತುಕ್ಕನ್ನು ನೋಡಿ.