ಜಾದೂ ಪ್ರದರ್ಶನ ಮನಸ್ಸನ್ನು ತಟ್ಟಬೇಕಾದರೆ ಯಾವ ಕಥೆ ಹೇಳಬೇಕು?

ಕೈಚಳಕ ಪಳಗಿದೆ, ಚಪ್ಪಾಳೆಯೂ ಬೀಳುತ್ತದೆ, ಆದರೆ ಯಾರ ಮನಸ್ಸಿನಲ್ಲೂ ಏನೂ ಉಳಿಯುವುದಿಲ್ಲ. ತಾಯಿಯ ತ್ಯಾಗ, ಗಡಿಯಲ್ಲಿ ಮಡಿದ ಯೋಧ, ಕೃಷ್ಣ-ಕುಚೇಲ, ಈ ಮೂರರಲ್ಲಿ ಯಾವುದನ್ನು ಕೊಳಲಿನ ಹಿನ್ನೆಲೆಯೊಂದಿಗೆ ಸೇರಿಸಲಿ ಎಂದು ಕೇಳಿದ್ದೀರಿ. ಯಾವುದನ್ನೂ ಸೇರಿಸಬೇಡಿ. ಹಾಗೆ ಸೇರಿಸಿ ನೋಡಿದವನು ನಾನು.

ಉಡುಪಿಯ ಸುತ್ತಮುತ್ತ ಶಾಲಾ ವಾರ್ಷಿಕೋತ್ಸವ, ಗಣೇಶೋತ್ಸವ, ಮದುವೆಯ ಆರತಕ್ಷತೆ ಎಂದು ಕರೆದಲ್ಲಿಗೆ ಹೋಗಿ ಜಾದೂ ಮಾಡುತ್ತಿದ್ದ ಕಾಲದಲ್ಲಿ ನನಗೂ ಇದೇ ಅತೃಪ್ತಿ ಇತ್ತು. ಪಾರಿವಾಳ ಬಂತು, ಹೋಯಿತು. ಮಕ್ಕಳು ಕಿರುಚಿದರು. ದೊಡ್ಡವರು ಊಟಕ್ಕೆ ಎದ್ದರು. ಅದೇ ಜನ ಇರುಳಿಡೀ ಕುಳಿತು ಯಕ್ಷಗಾನ ನೋಡುತ್ತಾರೆ, ಅಭಿಮನ್ಯು ಸಾಯುವ ಹೊತ್ತಿಗೆ ಕಣ್ಣೊರೆಸಿಕೊಳ್ಳುತ್ತಾರೆ. ಅವರಲ್ಲಿ ಭಾವವಿಲ್ಲ ಎನ್ನುವಂತಿರಲಿಲ್ಲ. ಕೊರತೆ ನನ್ನಲ್ಲೇ ಎಂದುಕೊಂಡು ಹಗ್ಗದ ಐಟಂ ಒಂದಕ್ಕೆ ಕಥೆ ಕಟ್ಟಿದೆ.

ಹಗ್ಗವನ್ನು ನಡುವೆ ಕತ್ತರಿಸುವುದು, ಎರಡು ತುಂಡುಗಳಿಗೆ ಗಂಟು ಹಾಕುವುದು, ಗಂಟು ಮಾಯವಾಗಿ ಹಗ್ಗ ಮೊದಲಿನಂತೆ ಇಡಿಯಾಗುವುದು. ಜಾದೂ ಕಲಿತವರೆಲ್ಲ ಮಾಡುವ ಆಟ. ನಾನು ಅದನ್ನು ಬೋಟಿನ ಹಗ್ಗ ಮಾಡಿದೆ. ಒಬ್ಬ ತಾಂಡೇಲ, ಅಂದರೆ ಬೋಟು ನಡೆಸುವವನು, ದಡದಲ್ಲಿ ಅವನ ಹೆಂಡತಿ. ವಿವರಗಳನ್ನೆಲ್ಲ ವಿಚಾರಿಸಿ ಸರಿಯಾಗಿ ಹಾಕಿದ್ದೆ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ, ಆಮೇಲೆ ಸಮುದ್ರ ಪೂಜೆ, ಹಾಲು ಮತ್ತು ತೆಂಗಿನಕಾಯಿ ಅರ್ಪಿಸಿ ಹೊರಟ ಮೊದಲ ಬೋಟು. ಬಿರುಗಾಳಿ ಎದ್ದಾಗ ಕತ್ತರಿ. ಹೆಂಡತಿ ತುಂಡುಗಳಿಗೆ ಗಂಟು ಹಾಕಿ ಕಾಯುತ್ತಾಳೆ. ಕೊನೆಗೆ ಗಂಟು ಹಾರಿಹೋಗುತ್ತದೆ, ಹಗ್ಗ ಕೂಡುತ್ತದೆ, ತಾಂಡೇಲ ದಡಕ್ಕೆ ಬರುತ್ತಾನೆ. ಹಿನ್ನೆಲೆಯಲ್ಲಿ ಕೊಳಲು, ನೀವು ಈಗ ಹಾಕಬೇಕೆಂದಿರುವಂಥದ್ದೇ. ಮಂಗಳೂರಿನ ಕಾಲೇಜೊಂದರ ಸಭಾಂಗಣದಲ್ಲಿ ಮೊದಲ ಸಲ ಮಾಡಿದಾಗ ವಿದ್ಯಾರ್ಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಧ್ಯಾಪಕಿಯೊಬ್ಬರ ಕಣ್ಣು ತುಂಬಿತ್ತು. ಕೊನೆಗೂ ದಾರಿ ಸಿಕ್ಕಿತು ಎಂದುಕೊಂಡೆ.

ಆಮೇಲೆ ಅದನ್ನು ಮಲ್ಪೆಗಿಂತ ಉತ್ತರದ ಕಡಲ ಬದಿಯ ಒಂದು ಊರಿನಲ್ಲಿ, ಭಜನಾ ಮಂದಿರದ ವಾರ್ಷಿಕೋತ್ಸವದ ದಿನ ಮಾಡಿದೆ. ವರ್ಷವೂ ತಪ್ಪದೆ ಕರೆಯುತ್ತಿದ್ದ ಊರು. ಕತ್ತರಿ ಹಾಕುತ್ತಿದ್ದಂತೆ ಸಭೆಯ ಸದ್ದಡಗಿತು. ಅದನ್ನು ತನ್ಮಯತೆ ಎಂದೇ ತಿಳಿದು ಕಾಯುವ ಭಾಗವನ್ನು ಇನ್ನಷ್ಟು ಎಳೆದೆ. ಗಂಟು ಮಾಯವಾದಾಗ ಒಂದು ಚಪ್ಪಾಳೆಯೂ ಬೀಳಲಿಲ್ಲ. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ಮಗುವನ್ನು ಎತ್ತಿಕೊಂಡು ಎದ್ದು ಹೋದರು. ಅವರ ಹಿಂದೆಯೇ ಇನ್ನಿಬ್ಬರು.

ಸಾಮಾನು ಕಟ್ಟುತ್ತಿದ್ದಾಗ ಹಿರಿಯರೊಬ್ಬರು ವೇದಿಕೆಯ ಹಿಂದೆ ಬಂದು ಹಗ್ಗವನ್ನು ಕೈಗೆತ್ತಿಕೊಂಡರು. ಜಾದೂವಿನ ಹಗ್ಗ ಹೇಗಿರುತ್ತದೆಂದು ನಿಮಗೆ ಗೊತ್ತು: ಬಿಳಿ ಹತ್ತಿಯದ್ದು, ಒಳಗಿನ ತಿರುಳನ್ನು ಎಳೆದು ತೆಗೆದು ಮೆತ್ತಗೆ ಮಾಡಿದ್ದು. ಅವರು ಅದನ್ನು ಹೆಬ್ಬೆರಳಿನಿಂದ ಒತ್ತಿ, ಎಳೆದು ನೋಡಿ, "ಇದು ಬೋಟಿಗಾಗುವ ಹಗ್ಗ ಅಲ್ಲ ಮಾಸ್ಟ್ರೇ" ಎಂದು ತುಳುವಿನಲ್ಲಿ ಹೇಳಿದರು. ಆಮೇಲೆ, "ಮಗು ಎತ್ತಿಕೊಂಡು ಎದ್ದುಹೋದಳಲ್ಲ, ಆ ಹುಡುಗಿಯ ಗಂಡ ಕಡಲಿಗೆ ಹೋಗಿ ಎರಡು ಮಳೆಗಾಲ ಕಳೆಯಿತು. ದೇಹವೂ ಸಿಗಲಿಲ್ಲ. ನೀವು ಇವತ್ತು ಅವನನ್ನು ದಡಕ್ಕೆ ಬರಿಸಿಬಿಟ್ಟಿರಿ" ಎಂದರು. ದನಿ ಏರಿಸಲಿಲ್ಲ. ಹಗ್ಗವನ್ನು ಚೆನ್ನಾಗಿ ಸುತ್ತಿ ನನ್ನ ಪೆಟ್ಟಿಗೆಯೊಳಗೆ ಇಟ್ಟು ಹೋದರು.

ಆ ಊರು ನನ್ನನ್ನು ಮತ್ತೆ ಕರೆಯಲಿಲ್ಲ. ಕಡಲ ಬದಿಯ ಮಂದಿರಗಳ ಸಮಿತಿಗಳಲ್ಲಿ ಇರುವವರೆಲ್ಲ ಒಬ್ಬರಿಗೊಬ್ಬರು ನೆಂಟರು; ಅಕ್ಕಪಕ್ಕದ ಊರುಗಳ ಕರೆಯೂ ನಿಂತಿತು. ನನ್ನ ವರ್ಷದ ಸಂಪಾದನೆಯಲ್ಲಿ ಅದೇ ದೊಡ್ಡ ಪಾಲಾಗಿತ್ತು.

ತಪ್ಪು ಎಲ್ಲಿ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೇಳಿದವರೆಲ್ಲ "ಆ ಊರಿನಲ್ಲಿ ಆ ಕಥೆ ಹೇಳಬಾರದಿತ್ತು, ಅಷ್ಟೇ" ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅದೇ ಊರಿನ ಬಯಲಿನಲ್ಲಿ ಮೇಳದವರು ಅಭಿಮನ್ಯು ಕಾಳಗ ಆಡಿದರೆ ಮಗನನ್ನು ಕಳೆದುಕೊಂಡ ತಾಯಿಯೂ ಕುಳಿತು ನೋಡುತ್ತಾಳೆ, ಅತ್ತು ಹಗುರಾಗಿ ಮನೆಗೆ ಹೋಗುತ್ತಾಳೆ. ಸಾವಿನ ಕಥೆ ಅವರಿಗೆ ನಿಷಿದ್ಧವಲ್ಲ. ಆದರೆ ಪ್ರಸಂಗದಲ್ಲಿ ಅಭಿಮನ್ಯು ಎದ್ದು ಬರುವುದಿಲ್ಲ. ಸುಭದ್ರೆಯ ಅಳುವಿಗೆ ಭಾಗವತರು ಪದ ಹೇಳುತ್ತಾರೆ, ಮದ್ದಳೆಯವರು ಕೈ ಮೆತ್ತಗೆ ಮಾಡುತ್ತಾರೆ, ದುಃಖವನ್ನು ದುಃಖವಾಗಿಯೇ ಇರಲು ಬಿಡುತ್ತಾರೆ. ಜಾದೂವಿನ ಕಸುಬೇ ಬೇರೆ. ಆಗದ್ದನ್ನು ಕಣ್ಣೆದುರು ಆಗಿಸಿ ತೋರಿಸುವುದು ಅದರ ಕೆಲಸ. ನಾನು ಆ ಸಭೆಗೆ ಯಾವ ಆಗದ್ದನ್ನು ಆಗಿಸಿ ತೋರಿಸಿದೆ? ಅವರು ದಿನಾ ದೇವರ ಮುಂದೆ ಕೈಮುಗಿದು ಬೇಡಿಕೊಳ್ಳುವ ಅದೊಂದನ್ನೇ. ಅದೂ ಚಿಟಿಕೆ ಹೊಡೆದು.

ಕಾಯುವುದೆಂದರೇನು ಎಂಬುದನ್ನು ನಮ್ಮ ಜಿಲ್ಲೆ ಕಂಡಿದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿ ಮೀನುಗಾರರೊಂದಿಗೆ ಕಾಣೆಯಾಯಿತು. ಮರುವರ್ಷ ಮೇ ತಿಂಗಳಲ್ಲಿ ನೌಕಾಪಡೆಗೆ ಕಡಲ ತಳದಲ್ಲಿ ಅದರ ಅವಶೇಷ ಸಿಗುವವರೆಗೂ ಆ ಮನೆಗಳು ಕಾದವು. ಅಂಥ ಕಾಯುವಿಕೆಗೆ ಹತ್ತಿಯ ಹಗ್ಗದಲ್ಲಿ ಉತ್ತರ ಕೊಡಲು ಹೋಗಿದ್ದೆ ನಾನು.

ಇನ್ನೊಂದು ಪದರವೂ ಇದೆ. ಕಥೆ ಮಾತನಾಡುತ್ತದೆ, ಜಾದೂ ಅದಕ್ಕೆ ಅಲಂಕಾರ ಎಂದು ನಾನು ತಿಳಿದಿದ್ದೆ. ಆಗುವುದು ತಿರುಗುಮುರುಗು. ಪ್ರೇಕ್ಷಕರು ನಮ್ಮ ಮಾತನ್ನು ಅರ್ಧ ಕೇಳುತ್ತಾರೆ, ಕೈಯಲ್ಲಿ ನಡೆದದ್ದನ್ನು ಪೂರ್ತಿ ನಂಬುತ್ತಾರೆ. ಐಟಂ ಮೊದಲೇ ಏನನ್ನೋ ಹೇಳುತ್ತಿರುತ್ತದೆ: ಕಳೆದದ್ದು ಸಿಕ್ಕಿತು, ಮುರಿದದ್ದು ಕೂಡಿತು, ಖಾಲಿಯಾದದ್ದು ತುಂಬಿತು. ಅದು ಏನು ಹೇಳುತ್ತಿದೆ ಎಂದು ನಾನು ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ. ಕಾಲೇಜಿನ ಹುಡುಗರ ಚಪ್ಪಾಳೆ ನನ್ನನ್ನು ಕಿವುಡನನ್ನಾಗಿ ಮಾಡಿತ್ತು. ಅವರಿಗೆ ಕಡಲೆಂದರೆ ಸಂಜೆ ತಿರುಗಾಡಲು ಹೋಗುವ ಪಣಂಬೂರು ಬೀಚು. ಅಲ್ಲಿ ಯಾರೂ ಯಾರಿಗೂ ಕಾಯುತ್ತಿರಲಿಲ್ಲ.

ಜಾದೂವಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆಯೊಂದಿದೆ. ಫ್ರಾನ್ಸಿನ ಜಾದೂಗಾರ ರಾಬರ್ಟ್ ಹೂಡಿನ್ ಬಳಿ ಒಂದು ಸಣ್ಣ ಪೆಟ್ಟಿಗೆ ಇತ್ತು. ವಿದ್ಯುತ್ಕಾಂತದ ಬಲದಿಂದ ಅದು ಬೇಕೆಂದಾಗ ನೆಲ ಬಿಟ್ಟು ಏಳದಂತಾಗುತ್ತಿತ್ತು. ಪ್ಯಾರಿಸಿನಲ್ಲಿ ಅದು ಒಮ್ಮೆ ಹಗುರ, ಒಮ್ಮೆ ಭಾರವಾಗುವ ವಿಚಿತ್ರ ಪೆಟ್ಟಿಗೆ. ಜನ ನೋಡಿ ಖುಷಿಪಟ್ಟರು. 1856ರಲ್ಲಿ ಫ್ರೆಂಚ್ ಸರ್ಕಾರ ಆತನನ್ನು ಅಲ್ಜೀರಿಯಾಕ್ಕೆ ಕಳುಹಿಸಿತು. ಅಲ್ಲಿನ ಧಾರ್ಮಿಕ ನಾಯಕರ ಪ್ರಭಾವವನ್ನು ಮುರಿಯುವುದು ಉದ್ದೇಶ. ಅಲ್ಲಿ ಪೆಟ್ಟಿಗೆ ಅದೇ, ಮಾತು ಮಾತ್ರ ಬೇರೆ: ಭಾರವಾಗುವುದು ಪೆಟ್ಟಿಗೆಯಲ್ಲ, ನಿನ್ನ ಮೈಯ ಶಕ್ತಿಯನ್ನೇ ನಾನು ಕಿತ್ತುಕೊಳ್ಳುತ್ತೇನೆ ಎಂದ. ವೇದಿಕೆಗೆ ಬಂದ ಬಲಶಾಲಿ ಎಷ್ಟು ಎಳೆದರೂ ಪೆಟ್ಟಿಗೆ ಏಳಲಿಲ್ಲ. ಮೇಲಿಂದ ವಿದ್ಯುತ್ತಿನ ಆಘಾತವನ್ನೂ ಕೊಟ್ಟು ಬೆದರಿಸಿ ಓಡಿಸಿದ. ನಮ್ಮ ಕಸುಬಿನವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನನಗೆ ಹೆಮ್ಮೆ ಅನ್ನಿಸುವುದಿಲ್ಲ. ಆದರೆ ಒಂದು ಮಾತು ಬದಲಾದರೆ ಜಾದೂ ಪೆಟ್ಟಿಗೆಯನ್ನು ಬಿಟ್ಟು ಮನುಷ್ಯನ ಮೈಯೊಳಗೆ ಇಳಿಯುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಬೇರೇನೂ ತೋರಿಸಿಕೊಡುವುದಿಲ್ಲ. ನಿಮ್ಮ ಕೈಯಲ್ಲಿರುವುದು ಅಷ್ಟು ಬಲವಾದ ವಸ್ತು.

ಆ ಹಗ್ಗವನ್ನು ಮತ್ತೆ ಮುಟ್ಟುವ ಧೈರ್ಯ ಬಹಳ ಕಾಲ ಬರಲಿಲ್ಲ. ಬಂದಾಗ ಬೇರೆ ಐಟಂ ಹಿಡಿದೆ. 'ಪ್ರೊಫೆಸರ್ಸ್ ನೈಟ್‌ಮೇರ್' ಎಂಬ ಹೆಸರಿನ ಮೂರು ಹಗ್ಗಗಳ ಜಾದೂ ನಿಮಗೆ ಗೊತ್ತಿರಬೇಕು. ಉದ್ದ, ಮಧ್ಯಮ, ಗಿಡ್ಡ, ಮೂರೂ ಒಂದೇ ಅಳತೆಯಾಗುತ್ತವೆ, ಆಮೇಲೆ ಮತ್ತೆ ಬೇರೆ ಬೇರೆಯಾಗುತ್ತವೆ. ಸಾಮಾನ್ಯವಾಗಿ ಎಲ್ಲರೂ ಸಮವಾದ ಕ್ಷಣಕ್ಕೆ ಒತ್ತು ಕೊಟ್ಟು, ಕೊನೆಯ ಭಾಗವನ್ನು ಹಗ್ಗ ತೋರಿಸಲಿಕ್ಕೆಂದು ಸರಸರ ಮುಗಿಸುತ್ತಾರೆ. ಈ ಸಲ ನಾನು ಕಥೆ ಹುಡುಕಲು ಹೋಗಲಿಲ್ಲ. ಹಗ್ಗ ಏನು ಹೇಳುತ್ತಿದೆ ಎಂದು ನೋಡಿದೆ. ಬೇರೆಯಾಗಿದ್ದವರು ಸ್ವಲ್ಪ ಹೊತ್ತು ಒಂದಾಗಿ ಮತ್ತೆ ಬೇರೆಯಾಗುತ್ತಾರೆ. ನಮ್ಮ ಕಡೆಯ ಮನೆಮನೆಯ ಸಂಗತಿ ಅದು. ಒಬ್ಬ ದುಬೈಯಲ್ಲಿ, ಒಬ್ಬ ಮುಂಬಯಿಯ ಹೋಟೆಲಿನಲ್ಲಿ, ಒಬ್ಬಳು ಊರಿನಲ್ಲಿ ತಾಯಿಯ ಜೊತೆ. ಕುಟುಂಬದ ನಾಗಬನದಲ್ಲಿ ತಂಬಿಲದ, ಅಂದರೆ ನಾಗನಿಗೆ ಪೂಜೆ ಸಲ್ಲಿಸುವ, ದಿನ ಮೂವರೂ ಬರುತ್ತಾರೆ, ಒಂದೇ ಸಾಲಿನಲ್ಲಿ ಎಲೆ ಹಾಕಿ ಊಟಕ್ಕೆ ಕೂರುತ್ತಾರೆ. ಸಂಜೆಯ ಬಸ್ಸಿಗೆ ಹೊರಡುತ್ತಾರೆ.

ಇಷ್ಟೇ. ಯಾರೂ ಸಾಯುವುದಿಲ್ಲ. ನಾನು ಹೆಚ್ಚು ಮಾತನಾಡುವುದೂ ಇಲ್ಲ. ಹಗ್ಗಗಳ ತುದಿಯನ್ನು ಸಭೆಯಲ್ಲಿರುವ ಹಿರಿಯ ಹೆಂಗಸೊಬ್ಬರ ಕೈಗೆ ಕೊಡುತ್ತೇನೆ. ಎಳೆದು ಸಮ ಮಾಡುವವರು ಅವರೇ. ಕಾರ್ಕಳದ ಕಡೆ ಒಂದು ಮನೆಯ ಅಂಗಳದಲ್ಲಿ ಹೀಗೆ ಮಾಡಿದಾಗ ಆ ಮನೆಯ ಅಜ್ಜಿ ಮೂರು ತುದಿಗಳನ್ನೂ ಸೆರಗಿನ ಜೊತೆ ಸೇರಿಸಿ ಮುಷ್ಟಿಯಲ್ಲಿ ಹಿಡಿದರು. "ಅಮ್ಮ, ಬಸ್ಸಿಗೆ ಹೊತ್ತಾಯಿತು" ಎಂದೆ. ಬಿಡಲಿಲ್ಲ. "ಊಟ ಇನ್ನೂ ಮುಗಿದಿಲ್ಲ" ಎಂದರು. ನಾನು ಕಾದೆ. ಹಿಂದೆ ನಿಂತಿದ್ದ ಮಗ, ರಜೆಯಲ್ಲಿ ಬಂದವನು, ಮುಂದೆ ಬಂದು ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತ. ಆಮೇಲೆ ಅವರೇ ಒಂದೊಂದಾಗಿ ಬೆರಳು ಸಡಿಲಿಸಿದರು. ಇಲ್ಲಿ ನಾನು ಯಾರಿಗೂ ಸುಳ್ಳು ಭರವಸೆ ಕೊಡಲಿಲ್ಲ. ಮಕ್ಕಳು ಹೊರಟುಹೋಗುತ್ತಾರೆ ಎಂಬುದು ಅಜ್ಜಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಆದ್ದರಿಂದ ನನ್ನ ಸಲಹೆ ಕಟುವಾಗಿದ್ದರೂ ಕೇಳಿ. ಕೊಳಲನ್ನು ಬಿಡಿ. ಅಳಬೇಕಾದ ಜಾಗವನ್ನು ಧ್ವನಿವರ್ಧಕ ತೋರಿಸಿಕೊಟ್ಟರೆ ಜನ ನಾಚಿಕೊಂಡು ಮೊಬೈಲ್ ತೆಗೆಯುತ್ತಾರೆ. ನಿಧಾನವನ್ನು ಕಲಿಯಿರಿ. ಅರ್ಜೆಂಟೀನಾದ ಜಾದೂಗಾರ ರೆನೆ ಲಾವಾಂಡ್ ಬಾಲ್ಯದಲ್ಲೇ ಅಪಘಾತದಲ್ಲಿ ಬಲಗೈ ಕಳೆದುಕೊಂಡವರು. ಒಂದೇ ಕೈಯಲ್ಲಿ, ಒಂದು ಬಟ್ಟಲು, ಮೂರು ಬ್ರೆಡ್ಡಿನ ಉಂಡೆ ಇಟ್ಟುಕೊಂಡು, ಇದಕ್ಕಿಂತ ನಿಧಾನವಾಗಿ ಮಾಡಲಾಗದು ಎನ್ನುತ್ತ ಸಭೆಯನ್ನು ಹಿಡಿದಿಡುತ್ತಿದ್ದರು. ಅಷ್ಟು ದೂರ ಹೋಗುವುದೂ ಬೇಡ. ಯಕ್ಷಗಾನದ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ತೆರೆಯ ಹಿಂದಿನಿಂದ ಬರುವುದನ್ನು ಒಮ್ಮೆ ಜಾದೂಗಾರನ ಕಣ್ಣಿನಿಂದ ನೋಡಿ. ಮೊದಲು ಕಿರೀಟದ ತುದಿ, ಆಮೇಲೆ ತೆರೆಯನ್ನು ಹಿಡಿದ ಬೆರಳು, ಮುಖ ಕಾಣುವ ಹೊತ್ತಿಗೆ ಮಗು ಅಪ್ಪನ ತೊಡೆ ಏರಿರುತ್ತದೆ. ನಾವು ಕರವಸ್ತ್ರವನ್ನು ಥಟ್ಟನೆ ಎಳೆದುಬಿಡುತ್ತೇವೆ.

ಭೂತಕೋಲದ ದೈವಗಳ ಕಥೆಯನ್ನು ಮಾತ್ರ ಜಾದೂವಿಗೆ ಎಳೆಯಬೇಡಿ, ಯಾರು ಎಷ್ಟು ಒತ್ತಾಯಿಸಿದರೂ. ನಮ್ಮ ಊರುಗಳಲ್ಲಿ ಅದು ನಂಬಿಕೆ, ವೇದಿಕೆಯ ಸರಕಲ್ಲ. ಪ್ರದರ್ಶನ ಮುಗಿದ ಮೇಲೆ, ಕಳೆದುಹೋದ ಚಿನ್ನ ಎಲ್ಲಿದೆ ಹೇಳಿ ಎಂದು ಕೇಳಿಕೊಂಡು ಬರುವವರು ಈಗಲೂ ಇದ್ದಾರೆ. ಇದು ಕೈಚಳಕ, ನನಗೆ ಯಾವ ಶಕ್ತಿಯೂ ಇಲ್ಲ ಎಂದು ಅವರಿಗೆ ಬಾಯಿಬಿಟ್ಟು ಹೇಳಲೇಬೇಕು.

ನಿಮ್ಮ ಮೂರು ಕಥೆಗಳ ವಿಚಾರಕ್ಕೆ ಬಂದರೆ, ಯೋಧನನ್ನು ಕೈಬಿಡಿ. ಕಾರಣವನ್ನು ಮೇಲೆಯೇ ಹೇಳಿದ್ದೇನೆ. ತಾಯಿಯ ತ್ಯಾಗ ಎಂಬುದು ಭಾಷಣದ ವಿಷಯ, ಅದರಲ್ಲಿ ನಡೆಯುವಂಥದ್ದು ಏನೂ ಇಲ್ಲ. ಕುಚೇಲನಲ್ಲಿ ಮಾತ್ರ ಜಾದೂ ಇದೆ, ಆದರೆ ನೀವು ಬರೆದಿರುವಂತೆ ಕೃಷ್ಣನ ಕೈಯಲ್ಲಿ ಅವಲಕ್ಕಿ ನಾಣ್ಯವಾಗುವುದಲ್ಲ. ಭಾಗವತದಲ್ಲಿ ಕುಚೇಲ ಏನನ್ನೂ ಬೇಡುವುದಿಲ್ಲ, ಬರಿಗೈಯಲ್ಲಿ ಹೊರಡುತ್ತಾನೆ, ಮನೆಗೆ ಹೋದ ಮೇಲೆ ಅವನಿಗೆ ಗೊತ್ತಾಗುತ್ತದೆ. ನಿಮ್ಮ ಐಟಂ ಕೂಡ ಅಲ್ಲಿಯೇ ನಡೆಯಬೇಕು. ಸಭೆಯಿಂದ ಒಬ್ಬರನ್ನು ಕರೆಯಿರಿ, ಅವಲಕ್ಕಿಯ ಪೊಟ್ಟಣ ಅವರ ಕೈಯಲ್ಲೇ ಇರಲಿ, ಒಂದು ಹಿಡಿ ತೆಗೆದುಕೊಂಡು ತಿನ್ನಿ, ಚೆನ್ನಾಗಿದ್ದೀರಾ ಎಂದು ವಿಚಾರಿಸಿ, ಏನನ್ನೂ ತೋರಿಸದೆ ಕಳುಹಿಸಿಬಿಡಿ. ಪೊಟ್ಟಣ ಬದಲಿಸುವ ಕೈಚಳಕ ನಿಮಗೆ ಕಷ್ಟವಲ್ಲ. ಅವರು ತಮ್ಮ ಕುರ್ಚಿಗೆ ಹೋಗಿ, ಪಕ್ಕದವರ ಒತ್ತಾಯಕ್ಕೆ ಪೊಟ್ಟಣ ಬಿಚ್ಚುವಾಗ ನೀವು ಅತ್ತ ತಿರುಗಿಯೂ ನೋಡದೆ ಮುಂದಿನ ಐಟಂ ಶುರುಮಾಡಿರಬೇಕು.