ಶ್ವಾಸಕೋಶದ ಕ್ಯಾನ್ಸರ್ ಮೆದುಳಿಗೆ ಹರಡಿದಾಗ ಅಲ್ಲಿನ ರೋಗನಿರೋಧಕ ಕೋಶಗಳು ಏನು ಮಾಡುತ್ತವೆ?

ಮೆದುಳಿನದೇ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಹಾಗೂ ರಕ್ತದಿಂದ ಬಂದ ಭಕ್ಷಕ ಕೋಶಗಳಾದ ಮ್ಯಾಕ್ರೋಫೇಜ್‌ಗಳು ಗಡ್ಡೆಯ ಸುತ್ತ ನೆರೆಯುತ್ತವೆಯಾದರೂ, ಕ್ಯಾನ್ಸರ್ ಕೋಶಗಳು ಸ್ರವಿಸುವ ರಾಸಾಯನಿಕಗಳ ಪ್ರಭಾವಕ್ಕೆ ಒಳಗಾಗಿ ಅವುಗಳಲ್ಲಿ ಹಲವು ಗಡ್ಡೆಯ ಬೆಳವಣಿಗೆಗೇ ನೆರವಾಗತೊಡಗುತ್ತವೆ. ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲಬಲ್ಲ ಟಿ ಕೋಶಗಳು ಶ್ವಾಸಕೋಶದ ಮೂಲ ಗಡ್ಡೆಗಿಂತ ಇಲ್ಲಿ ಸಾಮಾನ್ಯವಾಗಿ ಕಡಿಮೆ. ಒಳಹೊಕ್ಕವೂ ಹಲವೊಮ್ಮೆ ಬಳಲಿ ನಿಷ್ಕ್ರಿಯವಾಗಿರುತ್ತವೆ.

ಹಾಗೆಂದು ದಾರಿ ಮುಚ್ಚಿಲ್ಲ. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಗಡ್ಡೆಯಲ್ಲಿ ಟಿ ಕೋಶಗಳಿಗೆ ತಡೆಯೊಡ್ಡುವ ಪಿಡಿ-ಎಲ್1 ಪ್ರೋಟೀನ್ ಇದ್ದ 37 ರೋಗಿಗಳಿಗೆ ಆ ತಡೆಯನ್ನು ತೆಗೆಯುವ ಪೆಂಬ್ರೊಲಿಜುಮಾಬ್ ಔಷಧವನ್ನು ಕೊಟ್ಟಾಗ, 11 ಮಂದಿಯ ಮೆದುಳಿನ ಗಡ್ಡೆಗಳು ಗಣನೀಯವಾಗಿ ಕುಗ್ಗಿದವು. ನನ್ನ ದೃಷ್ಟಿಯಲ್ಲಿ ಇದು ನಿಜಕ್ಕೂ ಭರವಸೆ ನೀಡುವ ಸಂಗತಿ. ಮೆದುಳಿನ ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಇದೇ ಟಿ ಕೋಶಗಳನ್ನು ಕುಗ್ಗಿಸುವುದರಿಂದ, ವೈದ್ಯರು ಅದರ ಪ್ರಮಾಣವನ್ನು ಅಳೆದು ತೂಗಿ ನಿರ್ಧರಿಸುತ್ತಾರೆ; ಆದರೆ ಆ ಮಾತ್ರೆಯನ್ನು ರೋಗಿಗಳು ತಾವಾಗಿಯೇ ಎಂದಿಗೂ ನಿಲ್ಲಿಸಬಾರದು.